ಸಾಗರ, ತೀರ್ಥಹಳ್ಳಿ ಮತ್ತು ಕಾಣೆಯಾದ ಹೊಸನಗರ

ಅಮೆರಿಕದಲ್ಲಿ ಎಲೆಕ್ಷನ್ ಬಂತು ಅಂದ್ರೆ ನಮ್ಮ ಕಡೆ ಮನೆಗಳಲ್ಲೂ ಅದರ ಗಾಳಿ ಬೀಸತ್ತೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಒಬ್ಬ ಮಗನೋ, ಅಳಿಯನೋ, ಭಾವನೋ ಅಲ್ಲಿದ್ದೇ ಇರ್ತಾನೆ. ಭಾನುವಾರ ಬೆಳಿಗ್ಗೆ ಫೋನ್ ಮಾಡಿದಾಗ "ಮಳೆ ಬಂತಾ, ಅಡಿಕೆ ರೇಟ್ ಎಷ್ಟು" ಅನ್ನೋ ಮಾತು ಮುಗಿದ ಮೇಲೆ "ಅಲ್ಲಿ ಯಾರು ಬರ್ತಾರಂತೆ?" ಅನ್ನೋ ಪ್ರಶ್ನೆ. ನಮ್ಮ ಅಪ್ಪಯ್ಯನಿಗೆ ಪೆನ್ಸಿಲ್ವೇನಿಯಾ, ಮಿಶಿಗನ್, ವಿಸ್ಕಾನ್ಸಿನ್ ಅನ್ನೋ ಹೆಸರುಗಳು ಈಗ ರಿಪ್ಪನ್‌ಪೇಟೆ, ಆನಂದಪುರದಷ್ಟೇ ಬಾಯಿಗೆ ಬಂದುಬಿಟ್ಟಿವೆ. :-)

ಅಲ್ಲಿನ ಲೆಕ್ಕ ಗೊತ್ತಲ್ಲ. ಒಟ್ಟು 538 ಎಲೆಕ್ಟೋರಲ್ ವೋಟು, ಗೆಲ್ಲೋಕೆ 270 ಬೇಕು. ಬಹುಪಾಲು ರಾಜ್ಯಗಳು ಯಾವ ಕಡೆ ಅಂತ ಮೊದಲೇ ಗೊತ್ತಿರತ್ತೆ, ಉಳಿದ ಏಳೆಂಟು ರಾಜ್ಯಗಳಲ್ಲೇ ನಿಜವಾದ ಜಗಳ. ಅವಕ್ಕೆ ಸ್ವಿಂಗ್ ಸ್ಟೇಟ್ ಅಂತಾರೆ, ಅಂದ್ರೆ ಜೋಕಾಲಿ ಥರ ಆ ಕಡೆ ಈ ಕಡೆ ತೂಗೋವು. 2020ರಲ್ಲಿ ಜಾರ್ಜಿಯಾ ಅನ್ನೋ ದೊಡ್ಡ ರಾಜ್ಯ ಹನ್ನೆರಡು ಸಾವಿರಕ್ಕಿಂತ ಕಡಿಮೆ ವೋಟಿನಲ್ಲಿ ಬೈಡನ್ ಕಡೆ ಬಿತ್ತು. 2024ರಲ್ಲಿ ಹಾಗೆ ತೂಗ್ತಿದ್ದ ಏಳೂ ರಾಜ್ಯಗಳು ಟ್ರಂಪ್ ಕಡೆ ಹೋದವು, ಅದರಲ್ಲಿ ಆರು ನಾಲ್ಕು ವರ್ಷದ ಹಿಂದೆ ಬೈಡನ್ ಕಡೆ ಇದ್ದವು.

ಇದನ್ನೆಲ್ಲ ಕೇಳ್ತಾ ನನಗೆ ಅನ್ಸಿದ್ದು, ಪೆನ್ಸಿಲ್ವೇನಿಯಾ ಏನಾಗತ್ತೆ ಅಂತ ಲೆಕ್ಕ ಹಾಕೋ ನಾವು ನಮ್ಮೂರಿನ ಜೋಕಾಲಿಯನ್ನ ಸರಿಯಾಗಿ ನೋಡಿದೀವಾ ಅಂತ. ನಮ್ಮ ಮೂರು ತಾಲೂಕುಗಳ ಕಥೆ ಅಮೆರಿಕಕ್ಕಿಂತ ರುಚಿಯಾಗಿದೆ. ಸ್ವಲ್ಪ ಅಂಕಿ ಸಂಖ್ಯೆ ಬರತ್ತೆ, ಸಹಿಸ್ಕೊಳ್ಳಿ.

ಮೊದಲು ಸಾಗರ. 1999ರಲ್ಲಿ ಕಾಂಗ್ರೆಸ್ಸಿನ ಕಾಗೋಡು ತಿಮ್ಮಪ್ಪ ಗೆದ್ದರು. ರಾಜ್ಯದಲ್ಲೂ ಕಾಂಗ್ರೆಸ್. 2004ರಲ್ಲಿ ಬಿಜೆಪಿಯ ಬೇಳೂರು ಗೋಪಾಲಕೃಷ್ಣ ಗೆದ್ದರು. ರಾಜ್ಯದಲ್ಲಿ ಬಿಜೆಪಿ 79 ಸೀಟು ತಗೊಂಡು ಅತಿ ದೊಡ್ಡ ಪಕ್ಷ ಆಯ್ತು, ಸರ್ಕಾರ ಮಾತ್ರ ಬೇರೆಯವರದ್ದು. 2008ರಲ್ಲಿ ಮತ್ತೆ ಗೋಪಾಲಕೃಷ್ಣ, ರಾಜ್ಯದಲ್ಲಿ ಬಿಜೆಪಿ 110. 2013ರಲ್ಲಿ ಕಾಗೋಡು ವಾಪಸ್, ರಾಜ್ಯದಲ್ಲಿ ಕಾಂಗ್ರೆಸ್ 122. 2018ರಲ್ಲಿ ಬಿಜೆಪಿಯ ಹರತಾಳು ಹಾಲಪ್ಪ, ರಾಜ್ಯದಲ್ಲಿ ಬಿಜೆಪಿ 104. 2023ರಲ್ಲಿ ಕಾಂಗ್ರೆಸ್ಸಿನ ಬೇಳೂರು ಗೋಪಾಲಕೃಷ್ಣ, ರಾಜ್ಯದಲ್ಲಿ ಕಾಂಗ್ರೆಸ್ 135.

ಗಮನಿಸಿದ್ರಾ? ಆರು ಚುನಾವಣೆ, ಆರೂ ಸಲ ರಾಜ್ಯದಲ್ಲಿ ಅತಿ ಹೆಚ್ಚು ಸೀಟು ಗೆದ್ದ ಪಕ್ಷಕ್ಕೇ ಸಾಗರ ಒಲಿದಿದೆ. ಕೊನೆಯ ಮೂರು ಚುನಾವಣೆಯಲ್ಲಂತೂ ಪ್ರತಿ ಸಲವೂ ಪಕ್ಷ ಬದಲಾಗಿದೆ. ಸಾಗರದ ಪೇಟೆಯಲ್ಲಿ ನಿಂತು ಗಾಳಿ ಯಾವ ಕಡೆ ಅಂತ ನೋಡಿದ್ರೆ ಬೆಂಗಳೂರಿನಲ್ಲಿ ಏನಾಗತ್ತೆ ಅಂತ ಹೇಳಬಹುದು ಅನ್ನೋ ಮಟ್ಟಿಗೆ.

ಈಗ ತೀರ್ಥಹಳ್ಳಿ ನೋಡಿ. 1994, 1999, 2004 ಮೂರೂ ಸಲ ಬಿಜೆಪಿಯ ಆರಗ ಜ್ಞಾನೇಂದ್ರ. 94ರಲ್ಲಿ ರಾಜ್ಯ ಜನತಾದಳದ ಕಡೆ, 99ರಲ್ಲಿ ಕಾಂಗ್ರೆಸ್ ಕಡೆ, ತೀರ್ಥಹಳ್ಳಿ ಮಾತ್ರ ಕಮಲದ ಕಡೆ. ಸರಿ, ಇದು ಬಿಜೆಪಿ ಭದ್ರಕೋಟೆ ಅಂದ್ಕೊಳ್ಳೋ ಹೊತ್ತಿಗೆ 2008 ಬಂತು. ಬಿಜೆಪಿ ಇಡೀ ದಕ್ಷಿಣ ಭಾರತದಲ್ಲಿ ಮೊದಲ ಸಲ ಬೇರೆ ಪಕ್ಷದ ಮೈತ್ರಿ ಇಲ್ಲದೆ ಅಧಿಕಾರಕ್ಕೆ ಬಂದ ವರ್ಷ, ಮುಖ್ಯಮಂತ್ರಿ ನಮ್ಮದೇ ಜಿಲ್ಲೆಯ ಶಿಕಾರಿಪುರದವರು. ಆ ವರ್ಷವೇ ತೀರ್ಥಹಳ್ಳಿ ಕಾಂಗ್ರೆಸ್ಸಿನ ಕಿಮ್ಮನೆ ರತ್ನಾಕರ್ ಅವರನ್ನ ನಾಲ್ಕು ಸಾವಿರದೊಳಗಿನ ಅಂತರದಲ್ಲಿ ಗೆಲ್ಲಿಸಿತು! 2023ರಲ್ಲಿ ರಾಜ್ಯಕ್ಕೆ ರಾಜ್ಯವೇ ಕಾಂಗ್ರೆಸ್ ಕಡೆ ವಾಲಿದಾಗ ಇಲ್ಲಿ ಮತ್ತೆ ಆರಗ, ಹನ್ನೆರಡು ಸಾವಿರದ ಅಂತರದಲ್ಲಿ.

ಅಂದ್ರೆ ಪಕ್ಕಪಕ್ಕದ ಎರಡು ಕ್ಷೇತ್ರ. ಅದೇ ಮಳೆ, ಅದೇ ಅಡಿಕೆ, ಅದೇ ಕೊಳೆರೋಗ. ಒಂದು ಗಾಳಿ ಬಂದ ಕಡೆ ವಾಲತ್ತೆ, ಇನ್ನೊಂದು ಗಾಳಿಗೆ ಎದುರು ನಿಲ್ಲತ್ತೆ. ಟೀವಿಯಲ್ಲಿ ಕೂತು "ಮಲೆನಾಡಿನ ಮತದಾರ" ಅಂತ ಒಂದೇ ಉಸಿರಲ್ಲಿ ಹೇಳೋರನ್ನ ಕಂಡ್ರೆ ನನಗೆ ನಗು ಬರೋದು ಇದಕ್ಕೇ.

ಇದಕ್ಕೆ ಕಾರಣ ಕೇಳಿದ್ರೆ ಎಲ್ಲರೂ ಜಾತಿ ಲೆಕ್ಕ ಹೇಳ್ತಾರೆ. ದೀವರು ಇಷ್ಟು, ಒಕ್ಕಲಿಗರು ಇಷ್ಟು, ಲಿಂಗಾಯತರು ಇಷ್ಟು, ಬ್ರಾಹ್ಮಣರು ಇಷ್ಟು. ಮದುವೆಮನೆ ಪಂಕ್ತಿಯಲ್ಲಿ ಹೋಳಿಗೆ ಬರೋದ್ರೊಳಗೆ ಈ ಲೆಕ್ಕ ಮುಗಿದು ಶಾಸಕರು ಯಾರು ಅಂತ ತೀರ್ಮಾನ ಆಗಿರತ್ತೆ. ಆದ್ರೆ ಸಾಗರದಲ್ಲಿ ಈ ಲೆಕ್ಕ ಒಂದು ಕಡೆ ಎಡವತ್ತೆ. ಕಾಗೋಡು, ಬೇಳೂರು, ಹಾಲಪ್ಪ ಮೂವರೂ ಒಂದೇ ಸಮುದಾಯದವರು. ಅಷ್ಟೇ ಅಲ್ಲ, ಬೇಳೂರು ಗೋಪಾಲಕೃಷ್ಣ ಕಾಗೋಡು ತಿಮ್ಮಪ್ಪನವರ ಸೋದರಳಿಯ. ಮಾವ ಅಳಿಯ ಎದುರುಬದುರು ನಿಂತಾಗ ಜಾತಿ ಪಟ್ಟಿ ಹಿಡ್ಕೊಂಡು ಏನು ಭವಿಷ್ಯ ಹೇಳ್ತೀರಿ?

ನನಗೆ ಕಾಣೋದು ಬೇರೆ. ಅಮೆರಿಕದಲ್ಲಿ ತೂಗೋದು ರಾಜ್ಯ. ಅಲ್ಲಿ ಪಕ್ಷಗಳು ಇದ್ದಲ್ಲೇ ಇರ್ತವೆ, ಮತದಾರ ಆ ಕಡೆಯಿಂದ ಈ ಕಡೆ ಬರ್ತಾನೆ. ನಮ್ಮಲ್ಲಿ ಎಷ್ಟೋ ಸಲ ಮತದಾರ ನಿಂತಲ್ಲೇ ನಿಂತಿರ್ತಾನೆ, ತೂಗೋದು ನಾಯಕರು.

ಬೇಳೂರು ಗೋಪಾಲಕೃಷ್ಣ ಅವರನ್ನೇ ನೋಡಿ. 2004 ಮತ್ತು 2008ರಲ್ಲಿ ಕಮಲ. 2013ರಲ್ಲಿ ಜೆಡಿಎಸ್‌ನಿಂದ ನಿಂತು ಸೋತರು. ಮತ್ತೆ ಬಿಜೆಪಿಗೆ ಬಂದರು, 2018ರಲ್ಲಿ ಟಿಕೆಟ್ ಹಾಲಪ್ಪನವರಿಗೆ ಹೋದಾಗ ಕಾಂಗ್ರೆಸ್ ಸೇರಿದರು. ಯಾವ ಮಾವನನ್ನ ಎರಡು ಸಲ ಸೋಲಿಸಿದ್ದರೋ ಆ ಮಾವನ ಪರ ಪ್ರಚಾರಕ್ಕೆ ಇಳಿದರು. 2023ರಲ್ಲಿ ಕೈ ಗುರುತಿನಲ್ಲಿ ಗೆದ್ದರು. ಆಗ ಕಾಗೋಡು ಅವರ ಮಗಳು ಟಿಕೆಟ್ ಸಿಗಲಿಲ್ಲ ಅಂತ ಬಿಜೆಪಿ ಸೇರಿದರು. ಅಂಕಿ ಅಂಶದ ಪುಸ್ತಕದಲ್ಲಿ "2004: ಬಿಜೆಪಿ, 2023: ಕಾಂಗ್ರೆಸ್" ಅಂತ ಇರತ್ತೆ. ಎರಡೂ ಸಲ ಗೆದ್ದವರು ಒಬ್ಬರೇ! ಇದನ್ನ ಕ್ಷೇತ್ರ ಬದಲಾಯ್ತು ಅನ್ನೋಣವೋ, ಇಲ್ಲ ಅನ್ನೋಣವೋ?

ಹಾಲಪ್ಪನವರದ್ದೂ ಅಷ್ಟೇ. 2004ರಲ್ಲಿ ಹೊಸನಗರದಿಂದ ಬಿಜೆಪಿ ಶಾಸಕ. 2008ರಲ್ಲಿ ಸೊರಬಕ್ಕೆ ಹೋಗಿ ಬಂಗಾರಪ್ಪನವರ ಇಬ್ಬರೂ ಮಕ್ಕಳನ್ನ ಒಟ್ಟಿಗೆ ಸೋಲಿಸಿದರು. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿಯಿಂದ ನಿಂತು ಸೋತರು. 2018ರಲ್ಲಿ ಸಾಗರಕ್ಕೆ ಬಂದು ಬಿಜೆಪಿಯಿಂದ ಎಂಟು ಸಾವಿರ ಚಿಲ್ಲರೆ ಅಂತರದಲ್ಲಿ ಗೆದ್ದರು.

ಈ ವಿದ್ಯೆಗೆ ಗುರು ಅಂದ್ರೆ ಬಂಗಾರಪ್ಪನವರೇ ಬಿಡಿ. ಶಿವಮೊಗ್ಗ ಲೋಕಸಭೆಯಲ್ಲಿ 1996ರಲ್ಲಿ ತಮ್ಮದೇ ಪಕ್ಷ ಕಟ್ಟಿ ಗೆದ್ದರು, 1998ರಲ್ಲಿ ಸೋತರು, 1999ರಲ್ಲಿ ಕಾಂಗ್ರೆಸ್‌ನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಸೈಕಲ್ ಹತ್ತಿ ಗೆದ್ದರು. ಮಲೆನಾಡಿನ ಹಳ್ಳಿಗಳಲ್ಲಿ ಸೈಕಲ್ ಗುರುತನ್ನ ಕಂಡವರೇ ಇರಲಿಲ್ಲ, ಆದ್ರೂ ಜನ ಹುಡುಕಿ ಒತ್ತಿದರು. ಜನ ಬದಲಾಗಿರಲಿಲ್ಲ, ಅವರು ವೋಟು ಹಾಕ್ತಿದ್ದ ಮನುಷ್ಯನೂ ಬದಲಾಗಿರಲಿಲ್ಲ. ಗುರುತು ಮಾತ್ರ ಬದಲಾಗಿತ್ತು.

ಹಾಗಂತ ನಾಯಕ ಹೋದ ಕಡೆ ವೋಟೂ ಹೋಗತ್ತೆ ಅಂತ ಕೂಡೋ ಲೆಕ್ಕ ಹಾಕೋಕೂ ಆಗಲ್ಲ. ಅದಕ್ಕೆ ತೀರ್ಥಹಳ್ಳಿ ಸಾಕ್ಷಿ.

2013ರ ತೀರ್ಥಹಳ್ಳಿ ಫಲಿತಾಂಶ ನೋಡಿ. ಕಿಮ್ಮನೆ 37 ಸಾವಿರ ಚಿಲ್ಲರೆ, ಕೆಜೆಪಿಯ ಆರ್.ಎಂ. ಮಂಜುನಾಥ ಗೌಡ 36 ಸಾವಿರದ ಹತ್ತಿರ, ಆರಗ 34 ಸಾವಿರ ಚಿಲ್ಲರೆ. ಗೆಲುವಿನ ಅಂತರ ಸಾವಿರದ ಮುನ್ನೂರು ಚಿಲ್ಲರೆ. ಮೂವರಲ್ಲಿ ಯಾರು ಬೇಕಾದ್ರೂ ಶಾಸಕರಾಗಬಹುದಿತ್ತು, ನಾಲ್ಕು ಮದುವೆಮನೆಯ ಜನ ಮನಸ್ಸು ಬದಲಾಯಿಸಿದ್ರೆ ಸಾಕಿತ್ತು.

2018ಕ್ಕೆ ಮಂಜುನಾಥ ಗೌಡರು ಜೆಡಿಎಸ್‌ಗೆ ಹೋದರು. ಸುಮಾರು 40 ಸಾವಿರ ತಗೊಂಡರು, ಅಂದ್ರೆ ಅವರ ವೋಟು ಅವರ ಹಿಂದೆ ಬಂದ ಹಾಗೇ ಕಾಣತ್ತೆ. ಹಾಗಾದ್ರೆ ಬಿಜೆಪಿ 34 ಸಾವಿರದಲ್ಲೇ ನಿಲ್ಲಬೇಕಿತ್ತಲ್ಲ? ಇಲ್ಲ, ಆರಗ 67 ಸಾವಿರಕ್ಕೆ ಏರಿದರು! ಕಿಮ್ಮನೆ 45 ಸಾವಿರ. ಆಗ ಲೆಕ್ಕ ಬಲ್ಲವರೆಲ್ಲ ಹೇಳಿದ್ದು, "ಕಿಮ್ಮನೆ, ಗೌಡರು ಒಂದಾದ್ರೆ 85 ಸಾವಿರ, ಆರಗ ಉಳಿಯಲ್ಲ". 2023ರ ಹೊತ್ತಿಗೆ ಗೌಡರು ಕಾಂಗ್ರೆಸ್ಸಿಗೇ ಬಂದರು, ಇಬ್ಬರೂ ಒಂದಾದರು. ಕಿಮ್ಮನೆಗೆ ಬಂದದ್ದು 72 ಸಾವಿರ, ಆರಗ ಅವರಿಗೆ 84 ಸಾವಿರ. ಕೂಡಿಸಿದ ವೋಟು ಕೂಡಲೇ ಇಲ್ಲ. ಜೋಳಿಗೆಯಲ್ಲಿ ಕಟ್ಟಿಟ್ಟ ಅಡಿಕೆಯಲ್ಲ ಇದು, ಒಬ್ಬರಿಂದ ಇನ್ನೊಬ್ಬರಿಗೆ ಎತ್ತಿ ಕೊಡೋದಕ್ಕೆ.

ಇಡೀ ಶಿವಮೊಗ್ಗ ಜಿಲ್ಲೆಯದ್ದೂ ಇದೇ ಕಥೆ. 2008ರಲ್ಲಿ ಏಳರಲ್ಲಿ ಐದು ಬಿಜೆಪಿ. 2013ರಲ್ಲಿ ಒಂದೂ ಇಲ್ಲ, ಕಮಲ ಸೊನ್ನೆ! 2018ರಲ್ಲಿ ಏಳರಲ್ಲಿ ಆರು. 2023ರಲ್ಲಿ ಬಿಜೆಪಿ ಮೂರು, ಕಾಂಗ್ರೆಸ್ ಮೂರು, ಜೆಡಿಎಸ್ ಒಂದು. ಇಷ್ಟು ತೂಗೋ ಜಿಲ್ಲೆಯ ಭವಿಷ್ಯ ಹೇಳ್ತೀನಿ ಅಂತ ಮೇ ತಿಂಗಳ ಸೆಕೆಯಲ್ಲಿ ಹಲಸಿನ ಹಪ್ಪಳ ಒತ್ತುತ್ತಾ ಕೂತ ನಮ್ಮ ಚಿಕ್ಕಮ್ಮಂದಿರಿಗೂ, ಸ್ಟುಡಿಯೋದಲ್ಲಿ ಟೈ ಕಟ್ಟಿ ಕೂತ ಪಂಡಿತರಿಗೂ ಏನು ವ್ಯತ್ಯಾಸ ಹೇಳಿ. ಚಿಕ್ಕಮ್ಮಂದಿರ ಕೈಲಿ ಕೊನೆಗೆ ಹಪ್ಪಳವಾದ್ರೂ ಉಳಿಯತ್ತೆ. :-)

ಇಷ್ಟು ಹೊತ್ತೂ ಸಾಗರ, ತೀರ್ಥಹಳ್ಳಿ ಅಂತಿದೀನಿ, ಹೊಸನಗರ ಎಲ್ಲಿ ಅಂತ ನಿಮಗೆ ಅನ್ನಿಸಿರಬಹುದು. ಅದೇ ಈ ಬರಹದ ಮುಖ್ಯ ವಿಷಯ. ಹೊಸನಗರ ಅನ್ನೋ ಕ್ಷೇತ್ರವೇ ಈಗಿಲ್ಲ.

1952ರ ಮೊದಲ ಚುನಾವಣೆಯಲ್ಲಿ ಸಾಗರ-ಹೊಸನಗರ ಒಂದೇ ಕ್ಷೇತ್ರ. ಅದರ ಹಿಂದಿನ ವರ್ಷವೇ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಿತ್ತು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾಗಿದ್ದರು. ಆ ಬಿಸಿಯಲ್ಲಿ ಸೋಷಲಿಸ್ಟ್ ಪಕ್ಷದ ಶಾಂತವೇರಿ ಗೋಪಾಲಗೌಡರು ಆ ಜೋಡಿ ಕ್ಷೇತ್ರದಿಂದ ಗೆದ್ದು ಶಾಸನಸಭೆಗೆ ಹೋದರು. ಆಮೇಲೆ 1962, 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಮುಂದೆ ಹೊಸನಗರ ಬೇರೆ ಕ್ಷೇತ್ರವಾಗಿ 2004ರವರೆಗೂ ಇತ್ತು. 2008ಕ್ಕೆ ಕ್ಷೇತ್ರ ಪುನರ್ವಿಂಗಡಣೆ ಆದಾಗ ಅದನ್ನ ಅಳಿಸಿ ಹಾಕಿದರು. ರಿಪ್ಪನ್‌ಪೇಟೆ ಕಡೆ ಸಾಗರಕ್ಕೆ, ನಗರ, ಹುಂಚ ಕಡೆ ತೀರ್ಥಹಳ್ಳಿಗೆ. ನಮ್ಮ ಜಿಲ್ಲೆಯ ಎಂಟು ಸೀಟು ಏಳಾಯ್ತು. ಅದೇ ಹೊತ್ತಿಗೆ ಬೆಂಗಳೂರು ನಗರದ ಸೀಟು 28ಕ್ಕೆ ಏರಿತು. ರಾಜ್ಯದ ಒಟ್ಟು ಸೀಟು 224 ಹಾಗೇ ಇದೆ.

ಇದರಲ್ಲಿ ಮೋಸ ಏನಿಲ್ಲ, ಜನಸಂಖ್ಯೆ ಲೆಕ್ಕ. ಜನ ಎಲ್ಲಿದ್ದಾರೋ ಅಲ್ಲಿ ಸೀಟು. ಆದ್ರೆ ಹೊಸನಗರದಲ್ಲಿ ಜನ ಯಾಕೆ ಕಡಿಮೆ ಅಂತ ಕೇಳಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ನಿಂತಾಗ ಮುಳುಗಿದ್ದು ಸಾಗರ ಮತ್ತು ಹೊಸನಗರದ ಊರುಗಳು. ಆಮೇಲೆ ಮಾಣಿ, ಚಕ್ರಾ, ಸಾವೆಹಕ್ಲು ಅಂತ ಇನ್ನಷ್ಟು ಅಣೆಕಟ್ಟು. ರಾಜ್ಯಕ್ಕೆಲ್ಲ ದೀಪ ಹತ್ತಿತು, ಗದ್ದೆ ಮನೆ ನೀರಿಗೆ ಹೋಯ್ತು. ಉಳಿದ ಮನೆಗಳ ಮಕ್ಕಳು ಓದಿ ಬೆಂಗಳೂರಿಗೆ ಹೋದರು, ನನ್ನ ಹಾಗೆ. ಕೊನೆಗೆ ಸೀಟೂ ನಮ್ಮ ಹಿಂದೆಯೇ ಬೆಂಗಳೂರಿಗೆ ಬಂತು! ನಾವು ರಾತ್ರಿ ಬಸ್ಸು ಹತ್ತಿ ಊರಿಗೆ ವೋಟು ಹಾಕೋಕೆ ಹೋಗ್ತೀವಿ, ಸೀಟು ಮಾತ್ರ ಇಲ್ಲೇ ಇದೆ.

ನಮ್ಮ ಊರಿನ ಹತ್ತಿರ ಒಬ್ಬರು ಅಜ್ಜಿ ಇದ್ದಾರೆ. ಅವರು ಮದುವೆಯಾಗಿ ಬಂದ ಮನೆ ಈಗ ಹಿನ್ನೀರಿನ ಅಡಿ ಇದೆ. ಮುಳುಗಡೆಯವರಿಗೆ ಅಂತ ಆಗ ತೋರಿಸಿದ್ದು ಕಾಡು ಜಾಗ. ಅಲ್ಲೇ ಕಾಡು ಕಡಿದು ಮನೆ ಕಟ್ಟಿಕೊಂಡರು, ತೋಟ ಹಾಕಿದರು, ಮೊಮ್ಮಕ್ಕಳನ್ನೂ ಕಂಡರು. ಜಾಗದ ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ. ಕಾಗದದಲ್ಲಿ ಅದು ಇವತ್ತಿಗೂ ಅರಣ್ಯ. 2023ರಲ್ಲಿ ವೋಟು ಹಾಕಿ ಬರ್ತಿದ್ದಾಗ ಸುಮ್ಮನೆ ಕೇಳಿದೆ, "ಏನಜ್ಜಿ, ಈ ಸಲ ಯಾರು ಬರ್ತಾರೆ?" ಅಂತ. "ಯಾರು ಬಂದ್ರೂ ಬರ್ಲಿ ತಮ್ಮಾ, ಪತ್ರ ಬರ್ಬೇಕಲ್ಲಾ" ಅಂದ್ರು.

ಆ ಮಾತು ನನ್ನ ಎಲ್ಲ ಅಂಕಿ ಸಂಖ್ಯೆಗಿಂತ ದೊಡ್ಡದು ಅನ್ನಿಸಿತು. ನಾವು ಭವಿಷ್ಯ ಹೇಳೋದು ಕ್ಷೇತ್ರ ಯಾರ ಕೈಗೆ ಹೋಗತ್ತೆ ಅಂತ. ಅವರು ಕಾಯ್ತಿರೋದು ತಮ್ಮ ಕೈಗೆ ಏನು ಬರತ್ತೆ ಅಂತ. 1999ರಿಂದ ಸಾಗರದಲ್ಲಿ ನಾಲ್ಕು ಸಲ ಪಕ್ಷ ಬದಲಾಗಿದೆ. ಮುಳುಗಡೆ ಸಂತ್ರಸ್ತರ ವಿಷಯ ಎಲ್ಲರ ಭಾಷಣದಲ್ಲೂ ಬಂದಿದೆ, ಎಲ್ಲ ಪಕ್ಷದವರೂ ಅದಕ್ಕಾಗಿ ನಡೆದಿದ್ದಾರೆ, ಧರಣಿ ಕೂತಿದ್ದಾರೆ. ಕಾನೂನಿನ ತೊಡಕು ದೊಡ್ಡದೇ, ಅರಣ್ಯ ಕಾಯ್ದೆ ಇದೆ, ಕೇಂದ್ರದ ಒಪ್ಪಿಗೆ ಬೇಕು, ಕೋರ್ಟ್ ಇದೆ. ಒಬ್ಬ ಶಾಸಕರ ಕೈಲಿ ಆಗೋ ಕೆಲಸವೂ ಅಲ್ಲ. ಆದ್ರೂ ಅಜ್ಜಿಯ ಲೆಕ್ಕದಲ್ಲಿ ಅರವತ್ತು ವರ್ಷ ಅಂದ್ರೆ ಅರವತ್ತು ವರ್ಷವೇ.

ಆಗೋ ಕೆಲಸ ಆಗೋದೇ ಇಲ್ಲ ಅಂತಲ್ಲ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ನೋಡಿ. ಹಿನ್ನೀರಿನ ಆಚೆ ಸಿಗಂದೂರು ಕಡೆಯ ಜನ ದಶಕಗಟ್ಟಲೆ ಲಾಂಚಿಗೆ ಕಾದರು. ಆಸ್ಪತ್ರೆಗೆ ಹೋಗೋರೂ ಲಾಂಚು ಕಾಯಬೇಕು. 2018ರಲ್ಲಿ ಅಡಿಗಲ್ಲು ಬಿದ್ದಾಗ ಶಾಸಕರು ಕಾಗೋಡು. ಕೆಲಸ ನಡೆಯುವಾಗ ಹಾಲಪ್ಪ. 2025ರ ಜುಲೈನಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಆ ಸೇತುವೆ ಉದ್ಘಾಟನೆ ಆದಾಗ ಬೇಳೂರು. ಮೂವರು ಶಾಸಕರು, ಎರಡು ಪಕ್ಷ, ಒಂದು ಸೇತುವೆ. ಕ್ಷೇತ್ರ ಎರಡು ಸಲ ತೂಗಿದರೂ ಕಂಬ ಮಾತ್ರ ನೀರಿನಿಂದ ಮೇಲೆ ಬರ್ತಾನೇ ಇತ್ತು. ಯಾರದ್ದು ಶ್ರೇಯ ಅಂತ ಅವರು ಜಗಳ ಆಡ್ಕೊಳ್ಳಲಿ, ಜನ ಆರಾಮಾಗಿ ದಾಟ್ತಿದ್ದಾರೆ.

ತೂಗೋ ಕ್ಷೇತ್ರದಲ್ಲಿರೋದಕ್ಕೆ ಒಂದು ಲಾಭ ಇದೆ. ಅಮೆರಿಕದಲ್ಲೂ ಅಭ್ಯರ್ಥಿಗಳು ಮತ್ತೆ ಮತ್ತೆ ಹೋಗೋದು ಪೆನ್ಸಿಲ್ವೇನಿಯಾಕ್ಕೇ. ಎಲ್ಲಿ ಸೋಲೋ ಭಯ ಇದೆಯೋ ಅಲ್ಲಿ ಮರ್ಯಾದೆ ಜಾಸ್ತಿ. ಸಾಗರಕ್ಕೆ ಆ ಭಯ ಹುಟ್ಟಿಸೋ ಶಕ್ತಿ ಇದೆ, ತೀರ್ಥಹಳ್ಳಿಗೂ ಇದೆ. ಹೊಸನಗರಕ್ಕೆ? ತಾಲೂಕು ಕಚೇರಿ ಇದೆ, ಪಟ್ಟಣ ಇದೆ, ಬಸ್ ಸ್ಟ್ಯಾಂಡ್ ಇದೆ. ತನ್ನದೇ ಅಂತ ಹೇಳ್ಕೊಳ್ಳೋ ಶಾಸಕರಿಲ್ಲ, ಸೋಲಿಸ್ತೀನಿ ಅಂತ ಹೆದರಿಸೋಕೆ ಒಂದು ಇಡೀ ಕ್ಷೇತ್ರವಿಲ್ಲ. ಇಬ್ಬರು ಶಾಸಕರ ಅಂಚಿನ ಊರು ಅದು. ತೂಗಬೇಕು ಅಂದ್ರೂ ಒಂದು ಜೋಕಾಲಿ ಬೇಕಲ್ಲ?

ಇಷ್ಟೆಲ್ಲ ಬರೆದು ಭವಿಷ್ಯ ಹೇಳದೇ ಹೋದ್ರೆ ನೀವು ಬಿಡಲ್ಲ ಅಂತ ಗೊತ್ತು. 2028ಕ್ಕೆ ನಾನು ಮೂರು ವಿಷಯ ನೋಡ್ತೀನಿ. ಒಂದು, ಟಿಕೆಟ್ ಹಂಚಿದ ದಿನ ಯಾರ ಮುಖ ಸಪ್ಪಗಾಯ್ತು ಅನ್ನೋದು. ನಮ್ಮ ಕಡೆ ಅರ್ಧ ಚುನಾವಣೆ ಮುಗಿಯೋದು ಅವತ್ತೇ. ಎರಡು, ಬಲವಾದ ಮೂರನೇ ಅಭ್ಯರ್ಥಿ ಇದ್ದಾರಾ ಅನ್ನೋದು. ಮೂವರಿದ್ದರೆ ತೀರ್ಥಹಳ್ಳಿಯಲ್ಲಿ ಸಾವಿರ ವೋಟಿಗೂ ಬೆಲೆ ಬರತ್ತೆ. 2008ರಿಂದ ನಾಲ್ಕೂ ಸಲ ಅಲ್ಲಿ ಆರಗ, ಕಿಮ್ಮನೆ ಇಬ್ಬರೂ ಕಣದಲ್ಲಿದ್ದರು, ಈ ಜೋಡಿ ಬದಲಾದ ದಿನ ಹಳೇ ಅಂಕಿ ಸಂಖ್ಯೆಯೆಲ್ಲ ಒಲೆಗೆ ಹಾಕಬೇಕಾಗತ್ತೆ. ಮೂರು, ಸಾಗರದಲ್ಲಿ ರಾಜ್ಯದ ಗಾಳಿ. ಪಕ್ಷ ಬದಲಾಗೋ ಸಾಧ್ಯತೆ ಎಲ್ಲಿ ಹೆಚ್ಚು ಅಂತ ಕೇಳಿದ್ರೆ ನಾನು ಬೆರಳು ತೋರಿಸೋದು ಸಾಗರದ ಕಡೆಗೇ. ಆದ್ರೆ ನೆನಪಿರಲಿ, ಅಮೆರಿಕದ ಒಹಾಯೋ 1964ರಿಂದ 2016ರವರೆಗೆ ಪ್ರತಿ ಸಲವೂ ಗೆದ್ದವರ ಕಡೆಯೇ ಇತ್ತು, 2020ರಲ್ಲಿ ಕೈ ಕೊಟ್ಟಿತು. ಸಾಗರವೂ ಒಂದು ದಿನ ಕೊಡತ್ತೆ.

ಮುಂದೆ ಕ್ಷೇತ್ರಗಳ ಗೆರೆ ಮತ್ತೆ ಎಳೆಯೋ ದಿನ ಬಂದಾಗ ಯಾವ ಸೀಟು ಯಾರ ಕೈಗೆ ಅನ್ನೋದಕ್ಕಿಂತ ಮೊದಲು ಯಾವ ಸೀಟು ಉಳಿಯತ್ತೆ ಅಂತ ಕೇಳಬೇಕಾಗತ್ತೆ. ಮಲೆನಾಡಿನಲ್ಲಿ ಮನೆಗೆ ಇಬ್ಬರು ಮುದುಕರು ಉಳಿದಿರೋ ಕಾಲ ಇದು. ಕಾಡಿಗೆ, ನೀರಿಗೆ, ಮುಳುಗಿದ ಗದ್ದೆಗೆ ವೋಟಿಲ್ಲ.

ನಿಮ್ಮೂರು ಯಾವ ಥರದ್ದು? ಗಾಳಿ ಬಂದ ಕಡೆ ವಾಲೋದಾ, ಎದುರು ನಿಲ್ಲೋದಾ, ಅಥವಾ ಹೊಸನಗರದ ಹಾಗೆ ನಕ್ಷೆಯಿಂದಲೇ ಹೋದದ್ದಾ? ಹೇಳಿ, ಕೇಳೋಣ.